ಹರಳೆಣ್ಣೆಯ ವಾಸನೆ ನನಗೆ ಬಂದಿತ್ತು

ಗಿರಿಜಾ, ನಿನ್ನ ಕಾಲು ಹೋದದ್ದು ಪೆದ್ರು ಮೇಸ್ತ್ರಿಯ ತಪ್ಪಿನಿಂದಲ್ಲ. ನನ್ನಿಂದ. ನಿನ್ನ ಗಂಡ ಚನ್ನಬಸಪ್ಪನ ಮೋಟಾರ್ ಸೈಕಲ್ಲಿಗೆ ಸಿರಸಿಯ ನಮ್ಮ ಅಂಗಡಿಯಲ್ಲಿ ಎಣ್ಣೆ ಕೊಟ್ಟವಳು ನಾನು. ಅದನ್ನು ಆ ಗಾಡಿಯ ಎಣ್ಣೆ ಟಾಂಕಿಗೆ ಸುರಿದರೆ ಎಂಜಿನ್ನು ಕೆಡುತ್ತದೆ ಎಂದು ಗೊತ್ತಿತ್ತು — ಗೊತ್ತಿದ್ದೇ ಕೊಟ್ಟೆ. ಮರೆತೆ ಎನ್ನಲಾರೆ, ತಿಳಿಯದೆ ಆಯಿತು ಎನ್ನಲಾರೆ. ಸಿಟ್ಟಿನಿಂದ ಕೊಟ್ಟೆ. ಆ ಸಿಟ್ಟು ಇನ್ನೂ ಆರಿಲ್ಲ. ಅದು ಯಾರ ಮೇಲೆ ಎಂಬುದು ಮಾತ್ರ ಬದಲಾಗಿದೆ.

ನಮ್ಮ ಅಪ್ಪನದು ಎಣ್ಣೆ ಅಂಗಡಿ ಎಂದು ನಿನಗೆ ಗೊತ್ತು. ಅಡುಗೆಯ ಎಣ್ಣೆಯಲ್ಲ, ಲಾರಿ, ಬಸ್ಸು, ಮೋಟಾರ್ ಸೈಕಲ್ಲುಗಳಿಗೆ ಹಾಕುವ ಎಣ್ಣೆ ಮತ್ತು ಗ್ರೀಸು. ಗಂಡುಮಕ್ಕಳಿಲ್ಲದ ಅಪ್ಪ ನನ್ನನ್ನು ಪೀಪಾಯಿಗಳ ನಡುವೆಯೇ ಬೆಳೆಸಿದ. ಯಾವ ಎಣ್ಣೆ ಯಾವುದಕ್ಕೆ ಎಂದು ಬೆರಳುಗಳ ನಡುವೆ ಉಜ್ಜಿ, ಮೂಸಿ ಹೇಳುವುದನ್ನು ಕಲಿಸಿದ. ಕಲಿತೆ. ಕಲಿತದ್ದರ ಬಗ್ಗೆ ಹೆಮ್ಮೆ ಇತ್ತು ನನಗೆ.

ನಮ್ಮ ಸೀಮೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಚನ್ನಬಸಪ್ಪ ನನ್ನನ್ನು ನೋಡಲು ಬಂದಿದ್ದ. ಇದನ್ನು ಅವನು ನಿನಗೆ ಹೇಳಿರಲಿಕ್ಕಿಲ್ಲ. ಯಲ್ಲಾಪುರದಲ್ಲಿ ಕಟ್ಟಿಗೆಯ ಗುತ್ತಿಗೆ ಹಿಡಿದ ಮನೆತನ, ನಮ್ಮ ಪೈಕಿಯವರೇ. ನಾನು ಅವಲಕ್ಕಿಯ ತಾಟು ಹಿಡಿದು ಹೊರಗೆ ಬಂದೆ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಅವನು ನನ್ನ ಮುಖ ನೋಡಲಿಲ್ಲ, ಕೈ ನೋಡಿದ. ಆಮೇಲೆ ತನ್ನ ಕಡೆಯವರತ್ತ ತಿರುಗಿ ಅಂದ:

"ಈಕಿ ಮೈಯೆಲ್ಲಾ ಎಣ್ಣಿ ನಾತ. ಈಕಿನ್ನ ಮನಿಗೆ ಕರಕೊಂಡು ಹೋದ್ರ ದೀಪಾ ಹಚ್ಚಾಕೂ ಅಂಜಬೇಕಾಗತೈತಿ."

ಎಲ್ಲರೂ ನಕ್ಕರು. ಬೀಗರಾಗಬೇಕಾದವರ ಎದುರು ಗಂಭೀರವಾಗಿ ಕೂರಲಾರದೆ ನನ್ನ ಅಪ್ಪನೂ ನಕ್ಕ. ಆ ಮಾತು ಸಿರಸಿ, ಬನವಾಸಿ, ದಾಸನಕೊಪ್ಪ ಎಲ್ಲ ಕಡೆ ತಿರುಗಾಡಿತು. ಆಮೇಲೆ ಬಂದ ಗಂಡುಗಳು ಅದನ್ನು ಕೇಳಿಕೊಂಡೇ ಬಂದರು. ಕೊನೆಗೆ ಬರುವುದನ್ನೇ ಬಿಟ್ಟರು. ನಾನು ಅಂಗಡಿಯಲ್ಲೇ ಉಳಿದೆ.

ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಅವನು ಅದೇ ಅಂಗಡಿಯ ಮುಂದೆ ಮೋಟಾರ್ ಸೈಕಲ್ ನಿಲ್ಲಿಸಿದ. ಅಪ್ಪ ಊಟಕ್ಕೆ ಹೋಗಿದ್ದ. ಚನ್ನಬಸಪ್ಪನಿಗೆ ನನ್ನ ಗುರುತು ಸಿಗಲಿಲ್ಲ — ನಾಚಿಕೆಯಿಂದ ಮರೆತಂತೆ ನಟಿಸಿದ್ದಲ್ಲ, ನಿಜವಾಗಿಯೂ ಸಿಗಲಿಲ್ಲ. ನನ್ನ ಬದುಕನ್ನು ಒಂದು ನಗೆಮಾತಿಗೆ ಖರ್ಚು ಮಾಡಿದವನಿಗೆ ನನ್ನ ಮುಖ ಕೂಡ ನೆನಪಿರಲಿಲ್ಲ.

ಅವನು ಗಾಡಿ ನಿಲ್ಲಿಸುವಾಗಲೇ ಹೊಗೆಯಲ್ಲಿ ಆ ವಾಸನೆ ಬಂದಿತ್ತು. ಹರಳೆಣ್ಣೆಯ ವಾಸನೆ. ಅವನೇ ಜಂಬದಿಂದ ಹೇಳಿದ — ಯಲ್ಲಾಪುರದ ಪೆದ್ರು ಮೇಸ್ತ್ರಿ ಎಂಜಿನ್ನು ಬಿಚ್ಚಿ ಹೊಸ ಪಿಸ್ಟನ್ ಕೂಡಿಸಿದ ಮೇಲೆ, ಮುಂಬಯಿಯ ಗೆಳೆಯನೊಬ್ಬ ರೇಸಿನ ಗಾಡಿಗಳಿಗೆ ಹಾಕುವ ಎಣ್ಣೆ ತಂದುಕೊಟ್ಟನಂತೆ; ಅದನ್ನು ಮೇಸ್ತ್ರಿಗೆ ಕೊಡದೆ ತಾನೇ ಟಾಂಕಿಗೆ ತುಂಬಿದ್ದನಂತೆ. ಈಗ ಅರ್ಧ ಇಳಿದಿದೆ, ಮೇಲೆ ಇನ್ನಷ್ಟು ಹಾಕಬೇಕು ಎಂದ.

ರೇಸಿನ ಆ ಎಣ್ಣೆ ಹರಳೆಣ್ಣೆಯಿಂದ ಮಾಡಿದ್ದು. ಒಳ್ಳೆಯದೇ. ನಾವು ಮಾರುತ್ತಿದ್ದದ್ದು ನೆಲದಿಂದ ತೆಗೆದ ಎಣ್ಣೆ. ಅದೂ ಒಳ್ಳೆಯದೇ. ಆದರೆ ಎರಡನ್ನೂ ಒಂದೇ ಟಾಂಕಿಯಲ್ಲಿ ಕೂಡಿಸಬಾರದು. ಕೂಡಿಸಿದರೆ ಕಾದು ಕಾದು ಹೆಪ್ಪುಗಟ್ಟಿ ಅಂಟಿನಂತಾಗಿ ಎಣ್ಣೆ ಹರಿಯುವ ಸಣ್ಣ ದಾರಿಗಳನ್ನು ಮುಚ್ಚಿಬಿಡುತ್ತದೆ. ಹಳೆಯದನ್ನು ಪೂರ್ತಿ ಇಳಿಸಿ, ತೊಳೆದು, ಆಮೇಲೆ ಹೊಸದನ್ನು ಹಾಕಬೇಕು. ನಮ್ಮ ಎಣ್ಣೆ ಕೊಡುವ ಮೊದಲು ಇದೊಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ.

ಕೇಳು, ಇನ್ನೂ ಇದೆ. ಅವನು ಗೇರ್‌ಬಾಕ್ಸಿಗೆ ಯಾವುದು ಎಂದು ಕೇಳಿದಾಗ ಸರಿಯಾಗಿ ಹೇಳಿದೆ — ದಪ್ಪನೆಯದು ಬೇಕು, ಎಂಜಿನ್ನಿನದು ಅಲ್ಲಿಗೆ ಆಗುವುದಿಲ್ಲ. ಕ್ಲಚ್ಚಿನ ಕಡೆಯ ಚೈನಿಗೆ ತೆಳುವಾದದ್ದು ಕೊಟ್ಟೆ. ಹಿಂದಿನ ಚೈನನ್ನು ಮೊದಲು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಆಮೇಲೆ ಎಣ್ಣೆ ಬಿಡಬೇಕು ಎಂದೂ ತಿಳಿಸಿದೆ. ಎಲ್ಲವನ್ನೂ ಬಿಡಿಸಿ ಹೇಳಿದ ಈ ಬಾಯಿ ಆ ಒಂದನ್ನು ಮಾತ್ರ ನುಂಗಿತು. ನಾಳೆ ಯಾರೂ ನನ್ನತ್ತ ಬೆರಳು ತೋರಿಸದಿರಲಿ ಎಂದು — ಹೌದು, ಅಷ್ಟು ಲೆಕ್ಕಾಚಾರ ಆಗಲೇ ಇತ್ತು.

ಅವನ ಗಾಡಿ ಕೆಟ್ಟು ನಿಲ್ಲಲಿ, ಅವನಿಗೆ ಅವಮಾನವಾಗಲಿ, ಅಷ್ಟೇ ನನ್ನ ಆಸೆ ಎಂದು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಸುಳ್ಳು. ನೀನು ಹಿಂದಿನ ಸೀಟಿನಿಂದ ಇಳಿದು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದೆ. ನೀನು ನೀರು ಕೇಳಿದೆ, ನಾನು ಕೊಟ್ಟೆ. ಆ ಗಾಡಿಯ ಮೇಲೆ ನೀನೂ ಕೂರುತ್ತೀ ಎಂದು ನೋಡಿದ್ದೆ. ನೋಡಿಯೂ—

ಗಾಡಿ ಕೆಲವು ದಿನ ಓಡಿತು. ಅಷ್ಟೂ ದಿನ ಯಲ್ಲಾಪುರದ ಬಸ್ಸು ನಮ್ಮ ಅಂಗಡಿಯ ಮುಂದೆಯೇ ಹೋಗುತ್ತಿತ್ತು. ಡ್ರೈವರನ ಕೈಯಲ್ಲಿ ಹೇಳಿಕಳಿಸಬಹುದಿತ್ತು. ಬಸ್ಸನ್ನು ನೋಡುತ್ತಾ ಕುಳಿತೆ.

ಬೇಡ್ತಿ ಹೊಳೆಗೆ ಇಳಿಯುವ ತಿರುವಿನಲ್ಲಿ ಎಂಜಿನ್ನು ಜಾಮ್ ಆಗಿ ಹಿಂದಿನ ಗಾಲಿ ಹಿಡಿದುಕೊಂಡಿತು. ಅಲ್ಲಿ ಏನಾಯಿತು ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಅವನಿಗೆ ತರಚಿದ ಗಾಯ. ನಿನ್ನ ಕಾಲು ಗಾಡಿಯ ಅಡಿಗೆ ಸಿಕ್ಕಿತು.

ನೀನು ಆಸ್ಪತ್ರೆಯಲ್ಲಿದ್ದಾಗ ನಡೆದದ್ದನ್ನು ಹೇಳುತ್ತೇನೆ. ಚನ್ನಬಸಪ್ಪ ಗಾಡಿಯನ್ನು ಲಾರಿಯಲ್ಲಿ ಹೇರಿಸಿಕೊಂಡು, ಪೆದ್ರುವನ್ನೂ ಕೂರಿಸಿಕೊಂಡು ನಮ್ಮ ಅಂಗಡಿಗೆ ಬಂದ. ತಪ್ಪು ಮೇಸ್ತ್ರಿಯದೋ ಎಣ್ಣೆಯದೋ ತೀರ್ಮಾನವಾಗಲಿ ಎಂದ. ಜನ ಸೇರಿದರು. ಪೆದ್ರು ಟಾಂಕಿಯೊಳಗೆ ಕೈ ಹಾಕಿ ಕಪ್ಪನೆಯ ಹೆಪ್ಪನ್ನು ತೆಗೆದು ಅಪ್ಪನ ಮುಂದೆ ಹಿಡಿದ. ಅಪ್ಪ ಅದನ್ನು ಬೆರಳಿನಲ್ಲಿ ಉಜ್ಜಿದ, ಮೂಸಿದ. ಅವನಿಗೆ ತಿಳಿಯಿತು. ತಲೆಯೆತ್ತಿ ಅಂಗಡಿಯೊಳಗೆ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ. ಅದೂ ತಿಳಿಯಿತು ಅವನಿಗೆ.

"ನಮ್ಮ ಎಣ್ಣಿ ಚಲೋ ಐತಿ," ಅಂದ ಅಪ್ಪ. "ಪಿಸ್ಟನ್ ಬಿಗಿ ಕೂಡಿಸ್ಯಾನ. ಎಂಜಿನ್ ಕಾದು ಎಣ್ಣಿ ಹಿಂಗಾಗೈತಿ."

ಚನ್ನಬಸಪ್ಪ ಕಾಲಿನ ಚಪ್ಪಲಿ ತೆಗೆದು ಪೆದ್ರುವಿಗೆ ಹೊಡೆದ. ಬೀದಿಯ ನಡುವೆ, ಎಲ್ಲರ ಎದುರಿಗೆ. ಬಿಡಿಸಲು ಒಬ್ಬನೂ ಮುಂದೆ ಬರಲಿಲ್ಲ. ಮಾತನಾಡಬೇಕಾದವಳು ಪೀಪಾಯಿಯ ಹಿಂದೆ ನಿಂತು ನೋಡಿದಳು. ನನ್ನನ್ನು ನೋಡಲು ಬಂದ ದಿನ ನಕ್ಕ ಅಪ್ಪ ಈ ದಿನ ನನ್ನನ್ನು ಉಳಿಸಲು ಸುಳ್ಳು ಹೇಳಿದ — ಎರಡಕ್ಕೂ ಅವನ ಮೇಲೆ ಸಿಟ್ಟು ನನಗೆ. ಆದರೆ ಅವನ ಸುಳ್ಳಿನ ನೆರಳಿನಲ್ಲಿ ಇಷ್ಟು ವರ್ಷ ತಣ್ಣಗೆ ಕುಳಿತವಳು ನಾನೇ ಅಲ್ಲವೇ? ಪೆದ್ರುವಿನ ಕೈಗೆ ಮತ್ತೆ ಯಾರೂ ಗಾಡಿ ಕೊಡಲಿಲ್ಲ. ಅವನ ಗ್ಯಾರೇಜು ಮುಚ್ಚಿತು.

ಅಪ್ಪ ಹೋದ ವರ್ಷ ತೀರಿಕೊಂಡ. ಆಗಲೂ ಬಾಯಿ ಬಿಡಲಿಲ್ಲ ನಾನು. ಹೋದ ತಿಂಗಳು ನೀನು ಸಿರಸಿಗೆ ಬಂದವಳು ಬಸ್ಸಿಗೆ ಹೊತ್ತಿದೆ ಎಂದು ನಮ್ಮ ಅಂಗಡಿಯಲ್ಲಿ ಬಂದು ಕುಳಿತೆ. ಕಟ್ಟೆ ಹತ್ತಲು ನಾನು ಕೈ ಕೊಟ್ಟಾಗ ನೀನು ಎಷ್ಟು ಪ್ರೀತಿಯಿಂದ ಹಿಡಿದುಕೊಂಡೆ. ಆಮೇಲೆ ನೀನು ಅಂದೆ:

"ಅಕ್ಕಾರ, ಹಿಂಗ ಮೆಟ್ಟಲಾ ಹತ್ತುವಾಗೆಲ್ಲಾ ಆ ಪೆದ್ರುಗ ಶಾಪಾ ಹಾಕ್ತೀನ್ರಿ. ಅವನ ಮಕ್ಕಳಿಗೂ ತಟ್ಟಲಿ ಅಂತೀನಿ."

ನಿನ್ನನ್ನು ಬಸ್ಸಿಗೆ ಹತ್ತಿಸಿ ಒಳಗೆ ಬಂದು ಕುಳಿತೆ. ಆ ವಾರವೇ ಯಲ್ಲಾಪುರಕ್ಕೆ ಹೋಗಿ ಪೆದ್ರುವನ್ನು ಹುಡುಕಿದೆ. ಕಟ್ಟಿಗೆ ಕೊಯ್ಯುವ ಮಿಲ್ಲೊಂದರಲ್ಲಿ ಮರದ ಹೊಟ್ಟು ಬಾಚುವ ಕೆಲಸದಲ್ಲಿದ್ದಾನೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಅವನು ಕೈಯಲ್ಲಿದ್ದ ಸಲಿಕೆಯನ್ನು ಕೆಳಗಿಟ್ಟ.

"ನನ್ನ ಕೈ ತಪ್ಪಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು, ಅಕ್ಕಾ," ಅಂದ. "ನಂಗೆ ಹೇಳಿ ಎಂತ ಉಪಯೋಗ? ಹೊಡೆದದ್ದು ನಿಮ್ಮ ಅಂಗಡಿ ಎದುರಿಗೆ. ಅಲ್ಲಿ ಹೇಳಿ."

ಮತ್ತೆ ಸಲಿಕೆ ಎತ್ತಿಕೊಂಡ. ನಾನು ಅಲ್ಲಿಂದ ಹೊರಟು ಬಂದೆ.

ಗಿರಿಜಾ, ಕ್ಷಮಿಸು ಎಂದು ಕೇಳುವುದಿಲ್ಲ. ಕ್ಷಮಿಸಿದೆ ಎಂದು ನೀನು ಹೇಳಿದರೂ ನಂಬುವ ಯೋಗ್ಯತೆ ನನಗಿಲ್ಲ. ನಿನ್ನ ಗಂಡನ ಮಾತನ್ನು ನಾನಿನ್ನೂ ಮನ್ನಿಸಿಲ್ಲ, ಮನ್ನಿಸುವುದೂ ಇಲ್ಲ. ಆದರೆ ಆ ಮಾತಿಗೂ ನಿನ್ನ ಕಾಲಿಗೂ ಏನು ಸಂಬಂಧ, ಪೆದ್ರುವಿನ ಬೆನ್ನಿಗೂ ಏನು ಸಂಬಂಧ — ಸಂಬಂಧ ಹಚ್ಚಿದವಳು ನಾನು. ಬರುವ ಸಂತೆಯ ದಿನ, ಜನ ತುಂಬಿರುವ ಹೊತ್ತಿನಲ್ಲಿ, ಅಂಗಡಿಯ ಕಟ್ಟೆಯ ಮೇಲೆ ನಿಂತು ಹೇಳುತ್ತೇನೆ — ನನ್ನ ಹೆಸರು, ನಾನು ಮಾಡಿದ್ದು, ಅಪ್ಪ ಹೇಳಿದ ಸುಳ್ಳು, ಎಲ್ಲವನ್ನೂ. ಪೆದ್ರು ಬರುತ್ತೇನೆ ಎನ್ನಲಿಲ್ಲ. ಅವನು ಬರದಿದ್ದರೂ ಹೇಳುತ್ತೇನೆ. ನೀನು ಬಂದರೆ ಕೆಳಗಿಳಿದು ನಿನ್ನ ಎದುರಿಗೆ ನಿಲ್ಲುತ್ತೇನೆ. ಅವತ್ತು ಪೆದ್ರುವಿಗೆ ಬಿದ್ದದ್ದು ನನಗೆ ಬೀಳಬೇಕು ಎಂದು ನಿನಗೆ ಅನ್ನಿಸಿದರೆ, ಕೈ ಅಡ್ಡ ಹಿಡಿಯುವುದಿಲ್ಲ.