ಅಪ್ಪ ನನ್ನನ್ನೇ ಕೇಳಿದ ಮಧ್ಯಾಹ್ನ

ಪವಾಡದ ಮಾತೆತ್ತಿದವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ದಿನಾ ಹೊಡೆತ ತಿನ್ನುತ್ತಾ ದಿನಾ ದೇವರಿಗೆ ಕೈಮುಗಿದವಳು ನಾನು; ಯಾವ ದೇವರೂ ಬಂದು ಬಾಗಿಲು ತಟ್ಟಿರಲಿಲ್ಲ. ಹಾಗಾಗಿ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ತುರ್ತು ಪರಿಸ್ಥಿತಿ ಮುಗಿದ ಮಾರನೆಯ ವರ್ಷ. ನನಗೆ ಹದಿನೈದು. ಅಪ್ಪ ತೀರ್ಥಹಳ್ಳಿಯ ಒಂದು ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಅಮ್ಮ ಸತ್ತ ಮೇಲೆ ಅವರ ಕೈಗೆ ಸಿಗುತ್ತಿದ್ದವಳು ನಾನೊಬ್ಬಳೇ. ಒಂದು ಸಂಜೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಲೆಯ ಕೊಳ್ಳಿ ತೆಗೆದು ನನ್ನ ಎಡಗೈಗೆ ಒತ್ತಿದರು. ಬೆಳಿಗ್ಗೆ ಅವರು ಮಿಲ್ಲಿಗೆ ಹೋದದ್ದೇ ನಾನು ಹೊಸನಗರದ ಬಸ್ಸು ಹತ್ತಿದೆ, ಅಲ್ಲಿಂದ ಸಾಗರಕ್ಕೆ. ಬಸ್ ಸ್ಟ್ಯಾಂಡಿನಲ್ಲಿ ದಿಕ್ಕು ತೋಚದೆ ಕೂತಿದ್ದವಳನ್ನು ಹೂ ಮಾರುವ ಹೆಂಗಸೊಬ್ಬಳು ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋಗಿ ಬಿಟ್ಟಳು.

ದೊಡ್ಡಮ್ಮ ಎಂದು ಎಲ್ಲರೂ ಕರೆಯುತ್ತಿದ್ದರಷ್ಟೇ, ನಮಗೆ ನೆಂಟರೇನಲ್ಲ. ನರ್ಸ್ ಆಗಿ ನಿವೃತ್ತರಾದ ಒಂಟಿ ಹೆಂಗಸು. ಮನೆ ಬಿಟ್ಟು ಬಂದ ಹುಡುಗಿಯರಿಗೆ ತಮ್ಮ ಮನೆಯಲ್ಲೇ ಜಾಗ ಕೊಟ್ಟು ಹೊಲಿಗೆ ಕಲಿಸುತ್ತಿದ್ದರು. ನಾನು ಸೇರಿ ಏಳು ಜನರಾದೆವು. ಅಲ್ಲೊಂದು ನಿಯಮವಿತ್ತು: ಯಾರಾದರೂ ಮಗಳನ್ನು ಹುಡುಕಿಕೊಂಡು ಬಂದರೆ ಎಲ್ಲರೂ ಜಗಲಿಗೆ ಬಂದು ನಿಲ್ಲಬೇಕು, ಅಡಗಿಕೊಳ್ಳುವಂತಿಲ್ಲ. ಹಿಂದೊಮ್ಮೆ ಹುಡುಗಿಯರನ್ನು ಬಚ್ಚಿಡುತ್ತಾರೆಂದು ಯಾರೋ ದೂರು ಕೊಟ್ಟು ಮನೆಗೆ ಬೀಗ ಬೀಳುವುದರಲ್ಲಿತ್ತಂತೆ.

ಐದನೆಯ ದಿನ ಮಧ್ಯಾಹ್ನ ಅಪ್ಪ ಬಂದರು. ಬಸ್ಸಿನವರು ಯಾರೋ ಹೇಳಿರಬೇಕು. ಕೆಮ್ಮು ಕೇಳಿಯೇ ಗೊತ್ತಾಯಿತು. ಹಿತ್ತಲಿನಿಂದ ಓಡಿಹೋಗುತ್ತೇನೆಂದೆ, ಬಾವಿಗೆ ಹಾರುತ್ತೇನೆಂದೆ.

"ಒಬ್ಬಳನ್ನ ಬಚ್ಚಿಟ್ರೆ ಉಳಿದ ಆರು ಜನ ಬೀದಿಗೆ ಬೀಳ್ತಾರೆ ಮಗ" ಎಂದರು ದೊಡ್ಡಮ್ಮ. "ಅವ್ರು ಎಳ್ಕೊಂಡು ಹೋದ್ರೆ ನಾನೂ ಹಿಂದೇ ಬರ್ತೀನಿ. ನಡಿ."

ಸಾಲಿನ ಕೊನೆಯಲ್ಲಿ ನಿಂತೆ. ಅಪ್ಪ ಒಬ್ಬೊಬ್ಬಳ ಮುಖ ನೋಡುತ್ತಾ ಬಂದು ನನ್ನೆದುರು ನಿಂತರು. ಅಂಗಿಯಿಂದ ಮರದ ಹೊಟ್ಟಿನ ವಾಸನೆ ಬಂತು. ಅಂಗಳದಲ್ಲಿ ಉರಿಬಿಸಿಲು, ಜಗಲಿಯಲ್ಲೂ ಬೇಕಾದಷ್ಟು ಬೆಳಕಿತ್ತು. ತುಂಬಾ ಹೊತ್ತು ನನ್ನನ್ನು ನೋಡಿ, ನನ್ನನ್ನೇ ಕೇಳಿದರು:

"ನನ್ನ ಮಗಳೇನಾದ್ರೂ ಇಲ್ಲಿಗೆ ಬಂದಿದ್ಲಾ? ನಿನ್ನಷ್ಟೇ ಎತ್ತರ ಇದಾಳೆ. ಎಡಗೈ ಮೇಲೆ ಸುಟ್ಟ ಗಾಯ ಇದೆ."

ನನ್ನ ಎಡಗೈ ಕಂಬ ಹಿಡಿದಿತ್ತು. ಗಾಯ ಇನ್ನೂ ಹಸಿಯಾಗಿತ್ತು. ಅವರ ಕಣ್ಣು ಅದರ ಮೇಲೇ ಇತ್ತು.

"ಇಲ್ಲ" ಎಂದೆ.

ಅಪ್ಪ ತಲೆಯಾಡಿಸಿದರು. ಮೆಟ್ಟಿಲಿಳಿಯುತ್ತಾ ದೊಡ್ಡಮ್ಮನಿಗೆ, "ಬಂದ್ರೆ ಒಂದು ತುತ್ತು ಊಟ ಹಾಕಿ ಅಮ್ಮಾ" ಎಂದು ಹೇಳಿ ಹೊರಟುಹೋದರು.

ನಾನು ಒಳಗೋಡಿ ಕನ್ನಡಿ ನೋಡಿಕೊಂಡೆ. ಮುಖ ನನ್ನದೇ ಆಗಿತ್ತು. ದೊಡ್ಡಮ್ಮನನ್ನು ಕೇಳಿದರೆ, "ನಂಗೂ ಅರ್ಥ ಆಗ್ಲಿಲ್ಲ ಕಣೇ" ಎಂದು ಪಕ್ಕದಲ್ಲಿ ಕೂತರು.

ಕಣ್ಣು ಮಂಜಾಗಿತ್ತೇ ಎನ್ನಬೇಡಿ. ಮಿಲ್ಲಿನಲ್ಲಿ ಕೊಯ್ಯುವ ಮೊದಲು ದಿಮ್ಮಿಯ ಮೇಲೆ ಗೀಟು ಹಾಕುವ ಕೆಲಸ ಅವರದು, ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಆ ದಿನ ಕುಡಿದಿರಲೂ ಇಲ್ಲ. ಬೇಕೆಂದೇ ಬಿಟ್ಟುಹೋದರೇ? ಅವರನ್ನು ಬಲ್ಲವರು ಯಾರೂ ಇದನ್ನು ಒಪ್ಪಲಾರರು, ನನಗೂ ಒಪ್ಪಲು ಮನಸ್ಸಿಲ್ಲ. ಕೊಳ್ಳಿ ಹಿಡಿದ ಕೈಯನ್ನು ಕ್ಷಮಿಸಲು ನಾನು ಯಾವತ್ತೂ ತಯಾರಿರಲಿಲ್ಲ. ಆದರೆ ಆ ಒಂದು ತುತ್ತಿನ ಮಾತನ್ನು ಏನು ಮಾಡಲಿ? ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ಅವರು ಮತ್ತೆ ಹುಡುಕಿಕೊಂಡು ಬರಲಿಲ್ಲ. ಬರದಿದ್ದದ್ದರಿಂದಲೇ ನಾನು ಬದುಕಿದೆ. ಆದರೂ ಎಷ್ಟೋ ಮಧ್ಯಾಹ್ನ ಹೊಲಿಗೆ ಯಂತ್ರ ನಿಲ್ಲಿಸಿ, ಕೆಮ್ಮು ಕೇಳಿಸುತ್ತದೆಯೇ ಎಂದು ಕಾದಿದ್ದೇನೆ.