ಪಾಕದುಂಡೆ ಮಾಡುವ ಕೈ

ಹೊಗಳಿಕೆಗೆ ಹೆದರುವುದನ್ನು ನಾನು ಮದುವೆಯಾದ ಮೇಲೆ ಕಲಿತೆ. ಮಂಡ್ಯದ ಅತ್ತೆಮನೆಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ದರ್ಜಿ ಸಾಬರ ಹೆಂಡತಿ ನನಗೊಂದು ಸಿಹಿ ಹೇಳಿಕೊಟ್ಟರು. ಗೋಧಿಹಿಟ್ಟಿಗೆ ಕಿವುಚಿದ ಬಾಳೆಹಣ್ಣು, ಒಂದಿಷ್ಟು ಹುಳಿಮೊಸರು ಹಾಕಿ ಕಲಸಿ, ನೆನೆದ ಮೇಲೆ ನೆಲ್ಲಿಕಾಯಿ ಗಾತ್ರಕ್ಕೆ ಎಣ್ಣೆಗೆ ಬಿಡುವುದು. ಉಬ್ಬಿ ಕೆಂಪಗಾದಾಗ ತೆಗೆದು ಸಕ್ಕರೆ ಪಾಕದಲ್ಲಿ ಅದ್ದುವುದು. ನಮ್ಮ ಮನೆಯಲ್ಲಿ ಅದಕ್ಕೆ ಪಾಕದುಂಡೆ ಎಂದು ಹೆಸರಾಯಿತು. ಮೊದಲ ಸಲ ಮಾಡಿದ ದಿನ ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡು, "ನಿನ್ ಕೈಲಾದಂಗೆ ಇನ್ಯಾರ್ ಕೈಲೂ ಆಗಕಿಲ್ಲ ಕಣಮ್ಮಿ" ಅಂದರು. ನಾನು ಪೆದ್ದಿ, ಹಿಗ್ಗಿಹೋದೆ.

ಅಲ್ಲಿಂದ ಶುರುವಾಯಿತು. ಅಡುಗೆ ಕೆಟ್ಟರೆ ಬೈಯುತ್ತಾರೆ, ಬೈದು ಸುಮ್ಮನಾಗುತ್ತಾರೆ. ಚೆನ್ನಾಗಾದರೆ ಮಾತ್ರ ಬಿಡುವುದೇ ಇಲ್ಲ. ಮದ್ದೂರಿನಿಂದ ನಾದಿನಿ ಬಂದರೆ ಪಾಕದುಂಡೆ, ಬೆಸಗರಹಳ್ಳಿಯಿಂದ ಸಂತೆಗೆ ಬಂದ ಗಂಡನ ಸೋದರಮಾವ ಸುಮ್ಮನೆ ಒಳಗೆ ಇಣುಕಿದರೂ ಪಾಕದುಂಡೆ. ಅದು ಯುದ್ಧದ ಕಾಲ. ಸಕ್ಕರೆಗೆ ರೇಷನ್ನು ಬಂದಾಗ, ಸದ್ಯ, ಬದುಕಿಕೊಂಡೆ ಅಂದುಕೊಂಡೆ. ಎಲ್ಲಿಯ ಬದುಕು! ನೆಂಟರು ತಮ್ಮ ಪಾಲಿನ ಸಕ್ಕರೆಯನ್ನೇ ಗಂಟು ಕಟ್ಟಿಕೊಂಡು ಬರತೊಡಗಿದರು. ಇಲ್ಲ ಅನ್ನಲು ಇದ್ದ ಒಂದು ನೆಪವೂ ಹೋಯಿತು.

ಒಲೆಗೆ ಹಾಕಲು ಒಣಗಿದ ಕಬ್ಬಿನ ತರಗು. ಭಗ್ಗನೆ ಉರಿದು ತಣ್ಣಗಾಗುವಂಥದ್ದು, ತುರುಕುತ್ತಲೇ ಇರಬೇಕು. ಎಡಗೈ ಒಲೆಗೆ, ಬಲಗೈ ಬಾಣಲೆಗೆ. ಬಸುರಿಯಾದ ಮೇಲಂತೂ ಎಣ್ಣೆಯ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು, ಸೊಂಟ ನನ್ನದಲ್ಲ ಅನ್ನಿಸುತ್ತಿತ್ತು. ನನಗೆ ಬೇಕಾಗಿದ್ದುದು ಒಂದೇ: ಆ ಒಲೆಯ ಮುಂದಿನಿಂದ ಎದ್ದು ಎಲ್ಲಾದರೂ ಬೆನ್ನು ಚಾಚಬೇಕು, ಯಾರೂ ಏಳಿಸಬಾರದು.

ಒಂದು ದಿನ ಬೇಕೆಂದೇ ಕೆಡಿಸಿದೆ. ಪಾಕ ಎಳೆ ಬಂದರೂ ಇಳಿಸದೆ ಬತ್ತಿಸಿ, ಉಂಡೆ ಸುರಿದು, ಸೌಟಿನಲ್ಲಿ ತಿರುವಿದ್ದೇ ತಿರುವಿದ್ದು. ಸಕ್ಕರೆ ಮರಳು ಮರಳಾಗಿ, ಸುಣ್ಣ ಬಳಿದ ಹಾಗೆ ಉಂಡೆಗಳ ಮೈಗೆಲ್ಲ ಬೆಳ್ಳಗೆ ಹಿಡಿದುಕೊಂಡಿತು. ಪೀಡೆ ತೊಲಗಿತು ಎಂದು ತಟ್ಟೆಯನ್ನು ನಡುಮನೆಗೆ ತಂದಿಟ್ಟೆ. ನಾದಿನಿ ಒಂದನ್ನು ಕಟುಂ ಎಂದು ಕಚ್ಚಿದಳು. "ಅವ್ವಾ, ಇದು ಕೈಗೇ ಅಂಟಕಿಲ್ಲ ನೋಡು! ಬಟ್ಟೇಲಿ ಕಟ್ಕೊಂಡು ಊರ್ಗೆ ತಕ್ಕೊಂಡ್ ಓಗ್ಬೋದು."

ತೆಗೆದುಕೊಂಡೇ ಹೋದಳು. ಅದುವರೆಗೆ ಬಂದವರಿಗಷ್ಟೇ ಮಾಡುತ್ತಿದ್ದವಳು ಆಮೇಲೆ ಬಾರದವರಿಗೂ ಮಾಡಬೇಕಾಯಿತು. ನನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳ.

ಏಳನೆಯ ತಿಂಗಳಲ್ಲಿ ಅಪ್ಪ ಬಂದು ಬಾಣಂತನಕ್ಕೆ ಮಳವಳ್ಳಿಗೆ ಕರೆದುಕೊಂಡು ಹೊರಟ. ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು. ದಿಬ್ಬ ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕು. ನಾನು ತಲೆ ಒರಗಿಸಿ ಅವ್ವನ ಮನೆಯ ಪಡಸಾಲೆಯನ್ನೇ ನೆನೆಯುತ್ತಿದ್ದೆ. ಅಲ್ಲಿ ಚಾಪೆ ಹಾಸಿರುತ್ತದೆ. ಮಲಗಿದವಳನ್ನು ಅವ್ವ ಊಟಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಎಬ್ಬಿಸುವವಳಲ್ಲ.

ಕಾಲು ತೊಳೆದು ಒಳಗೆ ಹೋದೆ. ಅವ್ವ ಒಲೆಯ ಮೇಲೆ ಬಾಣಲೆ ಇಟ್ಟಿದ್ದಳು. ಪಕ್ಕದಲ್ಲಿ ಗೋಧಿಹಿಟ್ಟು, ಬಾಳೆಹಣ್ಣು, ಒಂದು ಡಬ್ಬಿ ತುಂಬ ಸಕ್ಕರೆ. ಅವಳ ಮುಖ ಹಬ್ಬದ ದಿನದಂತೆ ಅರಳಿತ್ತು.

"ಸಕ್ರೆ ಮುಟ್ಟೇ ಇಲ್ಲ ಕಣವ್ವ, ಕಾಪಿಗೂ ಬೆಲ್ಲಾನೇ ಆಕ್ಕೊಂಡಿವ್ನಿ. ನೀ ಬತ್ತೀಯ ಅಂತ ಎಲ್ಲಾ ಎತ್ತಿಟ್ಟಿದ್ದೆ."

"ನಂಗೆ ಸಾಕಾಗ್ಬುಟ್ಟದೆ ಕಣವ್ವ," ಅಂದೆ.

"ಬಸ್ಸಲ್ ಕುಂತು ಸುಸ್ತಾಗ್ಬುಟ್ಟದೆ. ಆಮೇಕೆ ಮನೀಕೊಳ್ಳೀವಂತೆ ಬುಡು." ನಗುತ್ತಲೇ ನನ್ನ ಕೈಗೆ ಸೌಟು ಕೊಟ್ಟಳು. "ಮದ್ದೂರೋರು ತಿಂದವ್ರೆ, ಬೆಸಗರಳ್ಳಿಯೋರು ತಿಂದವ್ರೆ. ನಿನ್ನ ಎತ್ತವ್ವ ನಾನೊಬ್ಳೇ ತಿಂದಿಲ್ಲ."

ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತೆ. ಮಂಡ್ಯದಲ್ಲಿ ಸಿಟ್ಟು ಮಾಡಿಕೊಳ್ಳಲು ಅತ್ತೆಯಾದರೂ ಇದ್ದರು. ಇಲ್ಲಿ ಅದಕ್ಕೂ ಯಾರೂ ಇರಲಿಲ್ಲ.