ದೊಡ್ಡವ್ವನ ತಮ್ಮ ಸಿಕ್ಕ ಪುಟ

ಅವ್ವನ ಅಕ್ಕ, ನನ್ನ ದೊಡ್ಡವ್ವ, ಔರಾದದಲ್ಲಿ ಸಾಲಿ ಟೀಚರಾಗಿದ್ದವಳು. ಅವಳ ಒಂದು ಮಾತನ್ನು ಮಾತ್ರ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಬರದ ವರ್ಷ ಮನೆಯವರೆಲ್ಲ ತಮ್ಮೂರು ಮೆಹಕರ ಬಿಟ್ಟು ಹೈದರಾಬಾದಿನ ಕಡೆ ಗುಳೆ ಹೊರಟಾಗ ದಾರಿಯಲ್ಲಿ ತನಗೊಬ್ಬ ತಮ್ಮ ಹುಟ್ಟಿದ್ದ, ನಾಲ್ಕೇ ದಿನಕ್ಕೆ ತೀರಿಹೋದ ಎನ್ನುತ್ತಿದ್ದಳು. ಆಗ ಅವಳಿಗೆ ಆರು ವರ್ಷ. ಅಜ್ಜ ಅಜ್ಜಿ ಆ ಬಗ್ಗೆ ಬಾಯಿ ಬಿಟ್ಟವರೇ ಅಲ್ಲ. ಎಷ್ಟೋ ವರ್ಷದ ಮೇಲೆ ಹುಟ್ಟಿದ, ಈಗ ಭಾಲ್ಕಿಯಲ್ಲಿರುವ ಸೋದರಮಾವ, "ಉಪಾಸ ಇದ್ದ ಹುಡುಗಿ, ಕನಸು ಬಿದ್ದಿರಬೇಕು" ಎಂದುಬಿಡುತ್ತಿದ್ದ.

ಬೀದರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ನಾನು ನಿವೃತ್ತಳಾದ ಮೇಲೆ ನಮ್ಮ ಕ್ರೈಸ್ತ ಮನೆತನದ ಚರಿತ್ರೆ ಬರೆಯಲು ಕೂತೆ. ಹಳೆಯ ಚರ್ಚುಗಳ ರಿಜಿಸ್ಟರುಗಳನ್ನು ಯಾರೋ ಫೋಟೊ ತೆಗೆದು ಇಂಟರ್ನೆಟ್ಟಿಗೆ ಹಾಕಿದ್ದರು. ಒಂದು ಮಧ್ಯಾಹ್ನ ಬರದ ವರ್ಷದ ಪುಟವೊಂದರಲ್ಲಿ, ತಂದೆ ಎಂಬಲ್ಲಿ ಅಜ್ಜನ ಹೆಸರು ಕಂಡಿತು. ಊರು ಮೆಹಕರ. ಗಂಡು ಕೂಸು, ಮೂರು ದಿನದ್ದು, ದೀಕ್ಷಾಸ್ನಾನ ಆಗಿದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಮರುದಿನವೇ ಮಣ್ಣು ಮಾಡಿದ್ದು. ಕೂಸಿನ ಹೆಸರನ್ನಷ್ಟೇ ಚೀಟಿಯ ಮೇಲೆ ಬರೆದುಕೊಂಡು ಮರುದಿನವೇ ಔರಾದದ ಬಸ್ಸು ಹತ್ತಿದೆ.

ದೊಡ್ಡವ್ವ ಚೀಟಿ ನೋಡಿದಳು. ಅಳಲಿಲ್ಲ.

"ಯಾವ ಚರ್ಚಿನ ಬುಕ್ಕು? ಎಷ್ಟನೇ ಹಾಳಿ?"

"ಅದು ಬರ್ಕೊಂಡಿಲ್ಲ ದೊಡ್ಡವ್ವ."

"ಮತ್ತ ನಂದೂ ಬಾಯಿಮಾತು, ನಿಂದೂ ಬಾಯಿಮಾತು. ಯಾರು ನಂಬ್ತಾರ?"

ತಿರುಗಿ ಬಂದು ಹುಡುಕಿದರೆ ಆ ಪುಟ ಸಿಗಲಿಲ್ಲ. ಸಾವಿರಾರು ಚಿತ್ರಗಳು, ಎಲ್ಲವೂ ಒಂದೇ ಥರದ ಓರೆ ಅಕ್ಷರ. ಮೂರು ವಾರ ಒಂದೊಂದೇ ಹಾಳೆ ತಿರುವಿದೆ. ಬರದ ತಿಂಗಳುಗಳಲ್ಲಿ ಅದೇ ಪಾದ್ರಿಯ ಕೈ ಎಷ್ಟೊಂದು ಕೂಸುಗಳನ್ನು ಬರೆದಿತ್ತು! ದಾರಿಹೋಕರ ಮಕ್ಕಳು, ಕೆಲವಕ್ಕೆ ಊರೂ ಗೊತ್ತಿಲ್ಲ. ಆದರೂ ಆ ಪಾದ್ರಿ ಯಾರ ಹೆಸರನ್ನೂ ಬಿಟ್ಟಿರಲಿಲ್ಲ.

ಕೊನೆಗೆ ಸಿಕ್ಕಿತು. ಈ ಸಲ ಎಲ್ಲವನ್ನೂ ಬರೆದುಕೊಂಡೆ: ಯಾವ ಚರ್ಚಿನ ಯಾವ ರಿಜಿಸ್ಟರು, ಎಷ್ಟನೇ ಪುಟ, ಎಷ್ಟನೇ ಸಾಲು, ಚಿತ್ರದ ಸಂಖ್ಯೆ, ಜಾಲತಾಣದ ವಿಳಾಸ, ನಾನು ನೋಡಿದ ದಿನ. ಅದನ್ನೇ ಮಾವನಿಗೂ ಕಳಿಸಿದೆ, ಬೇರೇನೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಮಾವ ತಾನೇ ಔರಾದಕ್ಕೆ ಬಂದ. ನಾನೂ ಅಲ್ಲಿದ್ದೆ. ಮೊಬೈಲಿನಲ್ಲಿ ಆ ಪುಟ ತೆರೆದು ಅಕ್ಕನ ಮುಂದೆ ಹಿಡಿದ.

"ನೀ ಹೇಳಿದ್ದು ಖರೇ ಅದ ಅಕ್ಕ. ನಾನೇ ಹುಡುಕಿ ನೋಡ್ದೆ."

ದೊಡ್ಡವ್ವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. "ನಾಕು ದಿನದ ಕೂಸಿಗಿ ಇಷ್ಟು ಚಂದ ಬರದಾರ" ಎಂದಳು. ಆಮೇಲೆ ಮನೆಯ ಬೈಬಲ್ ತರಿಸಿದಳು. ಅದರ ಮೊದಲ ಹಾಳೆಯಲ್ಲಿ, ಅಜ್ಜನ ಮಕ್ಕಳ ಹೆಸರುಗಳ ನಡುವೆ ಇದ್ದ ಸಣ್ಣ ಜಾಗದಲ್ಲಿ, ಮಾವ ತನ್ನ ಅಣ್ಣನ ಹೆಸರು ಬರೆದ. ಪುಟದ ವಿವರವನ್ನು ಕೆಳಗೆ ನಾನು ಬರೆದೆ.